ಅಮಾಸೆ ಡ್ರಮ್ಮಿನ ಎಣ್ಣೆ

ಚಳ್ಳಕೆರೆ
14-12-1998

ಪ್ರೀತಿಯ ಮಗಳು ಶೈಲಜಾಗೆ,

ನಿನ್ನ ಅವ್ವ ಶಿವಬಸಮ್ಮ ಮನಸಾರೆ ಹರಸಿ ಬರೆಯುವುದೇನೆಂದರೆ, ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಮೊಳಕಾಲ್ಮೂರಿನಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆಯವರು ಆರೋಗ್ಯವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಹಾಕಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪು ನನ್ನದೇ. ಫೋನು ಇದೆಯಲ್ಲ ಎನ್ನಬೇಡ. ನಡುಮನೆಯಲ್ಲಿಟ್ಟ ಫೋನಿನಲ್ಲಿ ನಾನು ಮಾತಾಡಿದರೆ ನಿನ್ನ ಅಪ್ಪಾಜಿಗೆ, ನಿನ್ನ ತಮ್ಮ ವೀರೇಶನಿಗೆ, ಹಿಂಡಿ ಕೊಳ್ಳಲು ಬಂದವರಿಗೆ, ಎಲ್ಲರಿಗೂ ಕೇಳುತ್ತದೆ. ತಾಯಿ ಮಗಳ ಮಾತಿಗೆ ಅಷ್ಟೊಂದು ಕಿವಿ ಯಾಕೆ?

ಮೂರು ತಿಂಗಳಿಂದ ಮಿಲ್ಲಿನ ಸುದ್ದಿಯೇ ಮನೆಯ ಸುದ್ದಿ. ದಿಲ್ಲಿ ಕಡೆ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಜನ ಕಾಲು ಊದಿಕೊಂಡು ಸತ್ತರಲ್ಲ, ಪೇಪರಿನಲ್ಲಿ ನೀನೂ ಓದಿರುತ್ತೀಯ. ಅಲ್ಲಿ ಯಾವನೋ ಪಾಪಿ ಮಾಡಿದ್ದಕ್ಕೆ ಇಲ್ಲಿ ನಮ್ಮ ಶೇಂಗಾ ಎಣ್ಣೆ ಮಿಲ್ಲುಗಳಿಗೆಲ್ಲ ನಡುಕ. ಬಿಡಿ ಎಣ್ಣೆ ಮಾರುವಂತಿಲ್ಲ, ಸೀಲು ಹಾಕಿದ ಡಬ್ಬ, ಪ್ಯಾಕೆಟ್ಟು ಇಷ್ಟೇ. ವಕೀಲ ಮುರುಗೇಂದ್ರಪ್ಪನವರು ಮಿಲ್ಲಿನ ಮಾಲೀಕರನ್ನೆಲ್ಲ ನಮ್ಮ ಮನೆಯಲ್ಲೇ ಕೂರಿಸಿಕೊಂಡು ಎರಡು ಗಂಟೆ ಪಾಠ ಹೇಳಿದರು. ನಿನ್ನ ಮದುವೆಯಲ್ಲಿ ಮೂರು ಸಲ ಹೋಳಿಗೆ ಹಾಕಿಸಿಕೊಂಡರಲ್ಲ, ಅವರೇ. ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತು ಕೇಳಿದೆ.

"ಮುಂಚೆ ಸ್ಯಾಂಪಲ್ ಫೇಲಾದ್ರೆ ದಂಡ ಕಟ್ಟಿ, ಟೀ ಕುಡ್ಕಂಡು ಮನೀಗ್ ಬರ್ತಿದ್ರಿ. ಆ ಕಾಲ ಹೋತು," ಎಂದರು. "ಈಗ ಮ್ಯಾಲಿಂದ ಒತ್ತಡ ಐತೆ. ಪ್ರತಿ ತಾಲ್ಲೂಕಿನಾಗೂ ಕೇಸು ಹಾಕ್ಲೇಬೇಕು. ಹಾಕಿದ್ ಮ್ಯಾಲೆ ರಾಜಿ ಇಲ್ಲ, ವಾಪಸ್ ತಗಳಂಗಿಲ್ಲ. ಸಾಬೀತಾದ್ರೆ ಕಡಿಮೆ ಅಂದ್ರೂ ಆರು ತಿಂಗ್ಳು ಒಳಗೆ. ಮಿಲ್ಲು ನಡ್ಸೋದಂದ್ರೆ ಎಣ್ಣೆ ತೆಗೆಯೋದಷ್ಟೇ ಅಲ್ಲ ಈಗ. ಏಟು ಯಾವ ಕಡೆಯಿಂದ ಬರ್ತೈತೆ ಅಂತ ಮೊದ್ಲೇ ನೋಡ್ಕಂಡು ತಲೆ ಸರಿಸ್ಕಳ್ಬೇಕು."

ಹೀಗೆ ತಲೆ ಸರಿಸಿಕೊಳ್ಳುವುದಕ್ಕಾಗಿ ನಮ್ಮ ಮಿಲ್ಲು ಈಗ ಕಂಪನಿಯಾಗಿದೆ. ನಿನ್ನ ಅವ್ವ ಡೈರೆಕ್ಟರು! ರೊಟ್ಟಿ ತಟ್ಟುತ್ತಿದ್ದವಳನ್ನು ಕರೆದು ಹನ್ನೊಂದು ಕಡೆ ಸಹಿ ಹಾಕಿಸಿದರು. ಕೈಗೆ ಹಿಟ್ಟು ಮೆತ್ತಿತ್ತು, ಒಂದು ಹಾಳೆ ಹಾಳಾಯಿತು, ನಿನ್ನ ಅಪ್ಪಾಜಿ ಗೊಣಗಿದರು.

ಇನ್ನೊಂದು ಏರ್ಪಾಡೂ ಆಗಿದೆ. ಕಂಪನಿಯಲ್ಲಿ ಎಣ್ಣೆಯ ಗುಣಕ್ಕೆಲ್ಲ ಜವಾಬ್ದಾರ ಎಂದು ಒಬ್ಬ ಮ್ಯಾನೇಜರಿನ ಹೆಸರನ್ನು ಸರ್ಕಾರಕ್ಕೆ ಬರೆದುಕೊಡಬಹುದಂತೆ. ಆಮೇಲೆ ಏನಾದರೂ ಆದರೆ ಕಟಕಟೆ ಹತ್ತುವವನು ಅವನು. ಮನೆಯವರಿಗೆ ಗೊತ್ತಿದ್ದೇ ನಡೆಯಿತು ಎಂದು ಸಾಬೀತಾಗದ ಹೊರತು ಮನೆಯವರನ್ನು ಮುಟ್ಟುವಂತಿಲ್ಲ. ಅದಕ್ಕೆ ನಮ್ಮ ಮುದ್ದಪ್ಪನ ಹೆಸರು ಕೊಟ್ಟಿದ್ದಾರೆ. ಹೌದು, ನಿನ್ನ ಮುದ್ದಪ್ಪ ಮಾಮ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟುಬರುತ್ತಿದ್ದ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಮಿಷಿನ್ನಿನ ಮೇಸ್ತ್ರಿ, ಈಗ ಮ್ಯಾನೇಜರು. ಪೇಡೆ ಹಂಚಿದೆವು. ಕಚೇರಿಯಲ್ಲಿ ಅವನಿಗೊಂದು ಕುರ್ಚಿ ಹಾಕಿಸಿದ್ದಾರೆ, ಅವನು ಅದರ ತುದಿಯಲ್ಲಿ ಕೂತು ಎರಡೇ ನಿಮಿಷಕ್ಕೆ ಎದ್ದು ಮಿಷಿನ್ನಿನ ಹತ್ತಿರ ಓಡುತ್ತಾನೆ. ಅವನ ಹೆಂಡತಿ ಗೀತಮ್ಮ ಬಂದು, "ಅಕ್ಕಾರೆ, ನಮ್ ಮನೇರು ಮನ್ಯಾಗೂ ಅಂಗಿ ಗುಂಡಿ ಬಿಚ್ಚಂಗಿಲ್ಲ ಈಗ, ಮ್ಯಾನೇಜರಂತೆ," ಎಂದು ನಗಾಡಿದಳು. ಕಾಗದದಲ್ಲಿ ಏನಿದೆ ಎಂದು ಅವನಿಗೆ ಅಷ್ಟಾಗಿ ಬಿಡಿಸಿ ಹೇಳಿಲ್ಲ. ನಾಲ್ಕನೇ ಕ್ಲಾಸು ಓದಿದವನಿಗೆ ಆ ಕಾನೂನಿನ ಭಾಷೆ ಏನು ತಿಳಿದೀತು? ಏನೂ ಆಗುವುದಿಲ್ಲ ಬಿಡು. ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ ಮೂಸಿದರೆ, ಈ ಶೇಂಗಾ ಯಾವ ಕಡೆ ನೆಲದ್ದು ಎಂದು ಹೇಳುವವನು ಅವನು. ಅಂಥವನಿರುವ ಕಡೆ ಕಲಬೆರಕೆ ಎಲ್ಲಿಂದ ಬರಬೇಕು?

ಚಳಿ ಜಾಸ್ತಿಯಾಗಿದೆ, ಬೆಳಿಗ್ಗೆ ತಣ್ಣೀರು ಮುಟ್ಟಬೇಡ. ಸಂಕ್ರಾಂತಿಗೆ ಬಾ.

ನಿನ್ನ ಹೊಟ್ಟೆ ತಣ್ಣಗಿರಲಿ, ಮನೆ ತುಂಬಿರಲಿ.

ನಿನ್ನ ಅವ್ವ,
ಶಿವಬಸಮ್ಮ


ಚಳ್ಳಕೆರೆ
3-9-1999

ಶೈಲಿ,

ಹೋದ ವಾರ ನೀನು ಫೋನು ಮಾಡಿದಾಗ "ಏನಿಲ್ಲ, ಎಲ್ಲ ಚೆನ್ನಾಗಿದೆ" ಎಂದು ಬಡಬಡಿಸಿ ಇಟ್ಟುಬಿಟ್ಟೆ. ನಿನಗೆ ಅನುಮಾನ ಬಂದಿದ್ದು ನನಗೆ ತಿಳಿಯಿತು. ಎದುರಿಗೆ ವಕೀಲರು ಕೂತಿದ್ದರು ಮಗಳೇ. ಈ ಕಾಗದವನ್ನೂ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ಮುದ್ದಪ್ಪನ ಮೇಲೆ ಕೇಸಾಗುತ್ತದೆ. ಎಣ್ಣೆ ಕಲಬೆರಕೆಯ ಕೇಸು.

ಕೂತುಕೊಂಡು ಓದು, ಮೊದಲಿನಿಂದ ಹೇಳುತ್ತೇನೆ. ನಮ್ಮ ಅಮಾಸೆ ಡ್ರಮ್ಮು ನಿನಗೆ ನೆನಪಿರಲೇಬೇಕು. ಮಿಷಿನ್ನಿಗೆ ಸೂರ್ಯಕಾಂತಿ ಹಾಕಿ ಮುಗಿಸಿ ಶೇಂಗಾ ಹಾಕಿದಾಗ ಮೊದಲ ಅರ್ಧ ಗಂಟೆ ಬರುವ ಎಣ್ಣೆ ಎರಡೂ ಸೇರಿದ್ದಾಗಿರುತ್ತದೆ. ತಿನ್ನಲು ಏನೂ ಕೆಟ್ಟದ್ದಲ್ಲ, ಆದರೆ ಶೇಂಗಾ ಎಣ್ಣೆ ಎಂದು ಮಾರುವಂತಿಲ್ಲ. ಉಳಿದ ಮಿಲ್ಲಿನವರು ಅದನ್ನು ಟ್ಯಾಂಕಿಗೇ ಬಿಟ್ಟುಬಿಡುತ್ತಾರೆ, ಯಾರಿಗೆ ಗೊತ್ತಾಗುತ್ತದೆ? ನಮ್ಮತ್ತೆ ಬಿಡುತ್ತಿರಲಿಲ್ಲ. ಅದನ್ನು ಬೇರೆ ಡ್ರಮ್ಮಿಗೆ ಹಿಡಿಸಿ, ಅಮಾವಾಸ್ಯೆಯ ದಿನ ಮಿಷಿನ್ ಪೂಜೆ ಆದಮೇಲೆ ಕೆಲಸದವರ ಹೆಂಡಂದಿರಿಗೆ ತಾವೇ ಸೌಟಿನಲ್ಲಿ ಅಳೆದು ಕೊಡುತ್ತಿದ್ದರು. ಅವರು ಹೋದಮೇಲೆ ಆ ಸೌಟು ನನ್ನ ಕೈಗೆ ಬಂತು. ಇಪ್ಪತ್ತಾರು ವರ್ಷ ಕೊಟ್ಟಿದ್ದೇನೆ. ಒಬ್ಬರಿಂದ ಒಂದು ಪೈಸೆ ಮುಟ್ಟಿಲ್ಲ. ಹಬ್ಬದ ದಿನ ಆ ಮನೆಗಳಲ್ಲೆಲ್ಲ ವಡೆ ಕರಿದ ವಾಸನೆ ಬಂದರೆ ನನಗೊಂದು ಖುಷಿ.

ಈ ಸಲ ವಕೀಲರು, "ಮಿಲ್ಲಿನಾಗೆ ಹೆಸರು ಬರೀದಿರೋ ಒಂದು ಡಬ್ಬನೂ ಇರಂಗಿಲ್ಲ, ಇನ್‌ಸ್ಪೆಕ್ಟರ್ ಕಣ್ಣಿಗೆ ಬಿದ್ರೆ ಅದೇ ಕೇಸು," ಎಂದು ವೀರೇಶನಿಗೆ ಹೇಳಿದ್ದರು. ನಿನ್ನ ತಮ್ಮ ಬಿ.ಕಾಂ. ಮುಗಿಸಿ ಕಚೇರಿ ನೋಡಿಕೊಳ್ಳುತ್ತಿದ್ದಾನಲ್ಲ, ಪೇಂಟರನ್ನು ಕರೆಸಿದ. ಅಮಾಸೆ ಡ್ರಮ್ಮಿನ ಮುಂದೆ ಆ ಪೇಂಟರು, "ಇದಕ್ಕೇನ್ ಬರೀಲಿ ಸಾಮಿ?" ಎಂದು ಕೇಳಿದನಂತೆ. ಇವನಿಗೆ ಎಲ್ಲಿಗೋ ಹೋಗುವ ಅವಸರ. "ಎಲ್ಲದಕ್ಕೂ ಒಂದೇ ಬರಿಯಪ್ಪ," ಎಂದು ಬೈಕು ಹತ್ತಿ ಹೋದ. ಶುದ್ಧ ಶೇಂಗಾ ಎಣ್ಣೆ ಎಂದು ಕೆಂಪು ಅಕ್ಷರದಲ್ಲಿ ಅದರ ಮೇಲೂ ಕೂತಿತು. ಮುದ್ದಪ್ಪ ಆವತ್ತು ರಜೆಯಲ್ಲಿದ್ದ. ಬಂದು ನೋಡಿ ಅಳಿಸಬೇಕು ಎಂದುಕೊಂಡನಂತೆ. ಆದರೆ ಯಜಮಾನರ ಮಗ ಬರೆಸಿದ್ದನ್ನು ಹೇಗೆ ಅಳಿಸುವುದು ಎಂದು ಸುಮ್ಮನಾದನಂತೆ.

ಮೂರನೇ ದಿನವೇ ಫುಡ್ ಇನ್‌ಸ್ಪೆಕ್ಟರ್ ಬಂದರು. ನಿನ್ನ ಅಪ್ಪಾಜಿ, ವೀರೇಶ ಇಬ್ಬರೂ ದಾವಣಗೆರೆಗೆ ಹೋಗಿದ್ದರು. ಮ್ಯಾನೇಜರು ಯಾರು ಎಂದಾಗ ನಮ್ಮವನು ಗುಂಡಿ ಹಾಕಿಕೊಂಡು ಮುಂದೆ ನಿಂತ. ಬಂದವರಿಗೆ ಕುರ್ಚಿ ಒರೆಸಿ, ಎಳನೀರು ಕುಡಿಸಿ, ಮಿಲ್ಲೆಲ್ಲ ತಾನೇ ತೋರಿಸಿದ್ದಾನೆ. ಅವರು ಎಲ್ಲ ಬಿಟ್ಟು ಆ ಡ್ರಮ್ಮಿನ ಎಣ್ಣೆಯನ್ನೇ ತೆಗೆದರು. ಮೂರು ಸೀಸೆಗೆ ಹಾಕಿ ಅರಗು ಒತ್ತಿದರು. ಇವನು, "ಸಾ, ಇದು ಮಾರೋ ಎಣ್ಣೆ ಅಲ್ಲ, ನಮ್ ಹೆಣ್ಮಕ್ಳಿಗೆ ಅಮಾಸೀಗೆ ಕೊಡೋದು," ಎಂದ. "ಹೌದೇನಪ್ಪ? ಸರಿ, ಸ್ಯಾಂಪಲ್ಲಿನ ದುಡ್ಡು ತಗೊ," ಎಂದು ಅವರು ನೋಟು ಚಾಚಿದರು. ಇವನು ಬೇಡವೇ ಬೇಡ ಎಂದ. ಸರ್ಕಾರದವರು ಪುಕ್ಕಟೆ ತೆಗೆದುಕೊಳ್ಳುವಂತಿಲ್ಲ, ರೂಲ್ಸು, ತಗೊಂಡು ಸಹಿ ಹಾಕು ಎಂದರು. ದೊಡ್ಡ ಮನುಷ್ಯರನ್ನು ಎಷ್ಟು ಹೊತ್ತು ಕೈ ಚಾಚಿ ನಿಲ್ಲಿಸುವುದು ಎಂದು ಇವನಿಗೆ ಸಂಕೋಚ. ತೆಗೆದುಕೊಂಡ. ಸಹಿ ಹಾಕಿದ.

ಶೈಲಿ, ಆ ಡ್ರಮ್ಮಿನ ಎಣ್ಣೆಗೆ ಇದುವರೆಗೆ ಯಾರೂ ದುಡ್ಡು ಮುಟ್ಟಿರಲಿಲ್ಲ. ಮುಟ್ಟಿದ ಒಂದೇ ಒಂದು ಸಲ ಅದು ಕಾನೂನಿನ ಲೆಕ್ಕದಲ್ಲಿ ಮಾರಾಟವಾಯಿತು. ವಕೀಲರು ಆ ರಸೀದಿಯ ನಕಲು ನೋಡಿ ಹಣೆ ಹಣೆ ಚಚ್ಚಿಕೊಂಡರು. ಪರೀಕ್ಷೆಯ ವರದಿ ಬಂದಿದೆ, ಶೇಂಗಾ ಎಣ್ಣೆಯ ಲಕ್ಷಣಕ್ಕೆ ಹೊಂದುವುದಿಲ್ಲ ಎಂದು. ಹೊಂದುವುದು ಹೇಗೆ? ಅದು ಶೇಂಗಾ ಎಣ್ಣೆ ಅಂತ ನಾವು ಯಾವತ್ತು ಹೇಳಿದ್ದೆವು, ಆ ಹಾಳು ಪೇಂಟು ಒಂದು ಬಿಟ್ಟು?

ಮುದ್ದಪ್ಪ ನಿನ್ನೆ ಹಿತ್ತಲಲ್ಲಿ ನಿಂತು, "ಅಕ್ಕಾರೆ, ನಾನು ದುಡ್ಡು ಬ್ಯಾಡ ಅಂದೆ, ದೇವರಾಣೆ ಬ್ಯಾಡ ಅಂದೆ," ಎಂದು ಅದನ್ನೇ ನಾಲ್ಕು ಸಲ ಹೇಳಿದ. ಜೈಲಿನ ಭಯಕ್ಕಿಂತ ಅವನಿಗೆ ಆ ಎಣ್ಣೆಗೆ ದುಡ್ಡು ತೆಗೆದುಕೊಂಡೆನಲ್ಲ ಎನ್ನುವುದೇ ಕೊರೆಯುತ್ತಿದೆ. ನನಗೆ ಕಣ್ಣಲ್ಲಿ ನೀರು ಬಂತು. "ಯಾಕೆ ಹೆದರ್ತೀಯ, ಆ ಡ್ರಮ್ಮು ಈ ಮನೇದು, ನಾವೆಲ್ಲ ಇಲ್ವಾ?" ಎಂದೆ. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಡ್ರಮ್ಮನ್ನು ವಕೀಲರು ಎತ್ತಿಸಿಬಿಟ್ಟರು. ಕಳೆದ ಅಮಾವಾಸ್ಯೆಗೆ ಹೆಂಗಸರು ಬಂದು, ತಂದ ಸೀಸೆ ಚೊಂಬುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸು ಹೋದರು. ನಾನು ಹೊರಗೆ ಹೋಗಲಿಲ್ಲ.

ನೀನು ಈಗ ಆರು ತಿಂಗಳ ಬಸುರಿ, ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಹಚ್ಚಿಕೊಳ್ಳಬೇಡ ಎನ್ನುತ್ತ ಎರಡು ಹಾಳೆ ಬರೆದಿದ್ದೇನೆ ನೋಡು, ಎಂಥ ತಾಯಿ ನಾನು. ಹೊತ್ತಿಗೆ ಸರಿಯಾಗಿ ಊಟ ಮಾಡು, ಒಳ್ಳೆಯ ಮಾತು ಕೇಳು, ಸುಖವಾಗಿ ಹೆರಿಗೆಯಾಗಲಿ.

ನಿನ್ನ,
ಅವ್ವ


ಚಳ್ಳಕೆರೆ
9-3-2003

ಮಗಳೇ ಶೈಲಜಾ,

ನಿನಗೂ ಮೊಮ್ಮಗನಿಗೂ ನನ್ನ ಮುತ್ತುಗಳು. ಪುಟ್ಟನ ಫೋಟೋ ತಲುಪಿ ತಿಂಗಳಾಯಿತು. ಕನ್ನಡಿಯ ಪಕ್ಕ ಇಟ್ಟುಕೊಂಡಿದ್ದೇನೆ, ಅಪ್ಪಾಜಿಯ ಮೂಗೇ ಅವನಿಗೂ. ಅದಕ್ಕೊಂದು ಕಾಗದ ಹಾಕಲಿಲ್ಲ. ಕೈಗೆ ಏನೂ ಆಗಿಲ್ಲ ಶೈಲಿ, ಬರೆಯಲು ಮುಖವಿರಲಿಲ್ಲ.

ಮುದ್ದಪ್ಪ ಒಳಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ಚಿತ್ರದುರ್ಗದ ಜೈಲಿನಲ್ಲಿದ್ದಾನೆ. ಆರು ತಿಂಗಳು.

ನೀನು ಪ್ರತಿ ಸಲ ಫೋನಿನಲ್ಲಿ "ಮಾಮನ ಕೇಸು ಏನಾಯ್ತವ್ವಾ?" ಎನ್ನುತ್ತಿದ್ದೆ, ನಾನು "ನಡೀತಿದೆ" ಎನ್ನುತ್ತಿದ್ದೆ. ಹೇಗೆ ನಡೆಯಿತು ಎಂದು ಹೇಳಿರಲಿಲ್ಲ. ಈಗ ಹೇಳುತ್ತೇನೆ. ಮೂರು ನಾಲ್ಕು ವರ್ಷದಲ್ಲಿ ಅವನು ಎಷ್ಟು ಸಲ ಆ ಕೋರ್ಟಿನ ಮೆಟ್ಟಿಲು ಹತ್ತಿದ್ದಾನೋ. ವಾಯಿದೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಬಿಳಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಸಂಜೆ ಬಂದು ಮಿಷಿನ್ನಿಗೆ ಕೈ ಹಾಕುತ್ತಿದ್ದ. ಕೋರ್ಟಿನ ಹೊರಗೆ ಟೀ ಅಂಗಡಿಯವನು, "ಬಾರಲೇ ಕಲಬೆರಕೆ, ಕುಂತ್ಕ," ಎಂದು ಕರೆದನಂತೆ ಒಂದು ದಿನ, ತಮಾಷೆಗೆ. ಆವತ್ತಿನಿಂದ ಅವನು ಹೊರಗೆ ಟೀ ಕುಡಿದಿಲ್ಲ.

ನಾವು ಮಾಡಬೇಕಿದ್ದದ್ದು ಒಂದೇ ಕೆಲಸ. ಯಾರಾದರೂ ಒಬ್ಬರು ಹೋಗಿ ಹೇಳಬೇಕಿತ್ತು: ಆ ಡ್ರಮ್ಮು ಮನೆಯದು, ಅದು ಮಾರುವ ಎಣ್ಣೆಯಲ್ಲ, ಅದರ ಮೇಲೆ ಹೆಸರು ಬರೆಸಿದ್ದು ಮುದ್ದಪ್ಪನಲ್ಲ. ಇಷ್ಟೇ. ನಿನ್ನ ಅಪ್ಪಾಜಿಯನ್ನು ಸಾಕ್ಷಿಗೆ ಕರೆದ ದಿನ ನಾನು ಹಾಗೇ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಏನು ಹೇಳಿದರು ಎಂದು ಸಂಜೆ ವೀರೇಶನಿಂದ ತಿಳಿಯಿತು. "ಉತ್ಪಾದನೆ, ಸಂಗ್ರಹ ಎಲ್ಲ ಮ್ಯಾನೇಜರ್ ಜವಾಬ್ದಾರಿ. ಆ ಡ್ರಮ್ಮಿನ ವಿಚಾರ ನನಗೆ ತಿಳಿಯದು." ಅವರ ಹೆತ್ತ ತಾಯಿ ಶುರು ಮಾಡಿದ ಡ್ರಮ್ಮು ಶೈಲಿ!

ನಾನು ರೇಗಾಡಿದೆ. ಅವರು ಮುಖ ಎತ್ತಲಿಲ್ಲ. "ನನಗೇನ್ ಸಂತೋಷಾನಾ? ಗೊತ್ತಿತ್ತು ಅಂದ್ರೆ ನನ್ನನ್ನೂ ಎಳೀತಾರೆ. ಹೆಸರು ಬರೆಸಿದ್ದು ಯಾರು ಅಂತ ಕೇಳ್ತಾರೆ. ಆಗ ವೀರೇಶನ ಹೆಸರು ಹೇಳ್ಲಾ?" ಎಂದರು. ವಕೀಲರಂತೂ, "ಅಮ್ಮಾರೆ, ಇಂಥಾ ಹೊತ್ತಿಗೇ ತಾನೇ ಆ ಏರ್ಪಾಡು ಮಾಡಿದ್ದು? ಒಬ್ರು ಹೋಗಿ ಬರ್ಲಿ, ಮನೆ ಮಿಲ್ಲು ಉಳೀತೈತೆ. ಅವನ ಸಂಬಳ ನಿಲ್ಲಂಗಿಲ್ಲ, ಹೆಂಡ್ತಿ ಮಕ್ಳನ್ನ ನೀವು ನೋಡ್ಕಂತೀರಿ," ಎಂದರು. ಯಾವುದೋ ಸಾಮಾನಿನ ಮಾತಾಡಿದ ಹಾಗೆ ಎಷ್ಟು ಹಗುರವಾಗಿ ಹೇಳಿದರು.

ನಾನಾದರೂ ಹೋಗಬಹುದಿತ್ತು. ಸೌಟು ಹಿಡಿದವಳು ನಾನು. ಒಂದು ವಾಯಿದೆಯ ದಿನ ಇಳಕಲ್ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಹೊರಟೂ ಬಿಟ್ಟಿದ್ದೆ. ಅಂಗಳದಲ್ಲಿ ವೀರೇಶ ಬೈಕು ಒರೆಸುತ್ತಿದ್ದ. ಆಗ ಅವನ ಮದುವೆ ಗೊತ್ತಾಗಿತ್ತಲ್ಲ, ಅದೇನೋ ಹಾಡು ಗುನುಗುತ್ತಿದ್ದ. "ಎಲ್ಲಿಗವ್ವಾ?" ಎಂದ. ಗುಡಿಗೆ ಎಂದೆ. ಗುಡಿಗೇ ಹೋಗಿ, ಒಂದು ಗಂಟೆ ಕಂಬಕ್ಕೆ ಒರಗಿ ಕೂತು, ವಾಪಸು ಬಂದೆ. ಕೋರ್ಟು ಅಲ್ಲಿಂದ ಎರಡು ಬೀದಿ ಆಚೆಗಿತ್ತು.

ಹೋದ ವರ್ಷ ಜೂನಿನಲ್ಲಿ ತೀರ್ಪು ಬಂತು. ಡ್ರಮ್ಮಿನ ಮೇಲೆ ಶುದ್ಧ ಶೇಂಗಾ ಎಣ್ಣೆ ಎಂದಿದೆ, ಒಳಗೆ ಅದಿಲ್ಲ, ದುಡ್ಡು ಪಡೆದ ರಸೀದಿ ಇದೆ, ಜವಾಬ್ದಾರ ಎಂದು ಒಪ್ಪಿ ಸಹಿ ಹಾಕಿದ್ದಾನೆ. ನ್ಯಾಯಾಧೀಶರು ಇನ್ನೇನು ಮಾಡಿಯಾರು? ಕಂಪನಿಗೆ ದಂಡ, ಅವನಿಗೆ ಆರು ತಿಂಗಳು. ದುರ್ಗದಲ್ಲಿ ಅಪೀಲು ಹಾಕಿದೆವು, ಫೆಬ್ರವರಿಯಲ್ಲಿ ಅದೂ ಬಿದ್ದುಹೋಯಿತು. ವಕೀಲರು ಬೆಂಗಳೂರಿಗೆ ಹೈಕೋರ್ಟಿಗೆ ಹೋಗೋಣ ಎಂದರು. ಮುದ್ದಪ್ಪ ಬೇಡ ಎಂದ. "ಸಾಕ್ ಮಾಡ್ರಿ ಸಾವ್ಕಾರ್ರೆ. ನಾಲ್ಕು ವರ್ಷದಿಂದ ದಿನಾ ಜೈಲಿಗೆ ಹೋಗ್ತಾ ಇದೀನಿ. ಒಂದ್ಸಲ ಹೋಗ್ಬಿಟ್ರೆ ಬರೋ ದಿನ ಆದ್ರೂ ಗೊತ್ತಿರ್ತೈತೆ," ಎಂದನಂತೆ. ನಿನ್ನ ಅಪ್ಪಾಜಿ ಇದನ್ನು ನನಗೆ ಹೇಳಿ, ಎದ್ದುಹೋಗಿ ದೇವರ ಮನೆಯಲ್ಲಿ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ.

ಮೊನ್ನೆ ಅಕ್ಕಿ, ಬೇಳೆ, ಮಕ್ಕಳಿಗೆ ಬಟ್ಟೆ ಹೊರಿಸಿಕೊಂಡು ಗೀತಮ್ಮನ ಮನೆಗೆ ಹೋಗಿದ್ದೆ. ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಿಮ್ಮ ಮೊಳಕಾಲ್ಮೂರಿನ ಕಡೆಯ ಸಿದ್ದಾಪುರದ ಹತ್ತಿರ ಅವಳ ತವರಿಗೆ ಹೋಗುತ್ತಾಳಂತೆ, ಇಲ್ಲಿ ನೀರಿಗೆ ಹೋದರೂ ಹೆಂಗಸರು ಹಿಂದಿನಿಂದ ಆಡಿಕೊಳ್ಳುತ್ತಾರಂತೆ. ನಾನು ತಂದದ್ದನ್ನು ಒಳಗೆ ತೆಗೆದುಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಚಾಪೆ ಹಾಕಿದಳು, ನೀರು ಕೊಟ್ಟಳು. ಆಮೇಲೆ ಕೇಳಿದಳು.

"ಅಕ್ಕಾರೆ, ಒಂದು ಕೇಳ್ತೀನಿ, ನಿಜ ಹೇಳ್ರಿ. ನನ್ ಗಂಡ ಕಲಬೆರಕೆ ಮಾಡಿದ್ನಾ?"

"ಇಲ್ಲ ಗೀತಮ್ಮ. ಅಂಥ ಮಾತು ಆಡಬೇಡ."

"ಅದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಇದ್ನ ಇಲ್ಲಿ ನನ್ ಮುಂದೆ ಹೇಳಿದ್ರೆ ಏನ್ ಬಂತ್ರಿ? ಅಲ್ಲೋಗಿ ಹೇಳಬಾರ್ದಿತ್ತಾ?"

ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆನೇನೋ. ಬೈಯಲಿಲ್ಲ. ಹೀಗೆ ಕೇಳಿ ಮತ್ತೆ ಪಾತ್ರೆ ತುಂಬಲು ಕೂತಳು.

ಈಗ ನೀನು ಒಂದು ಕೆಲಸ ಮಾಡಬೇಕು. ಸಿದ್ದಾಪುರ ನಿನಗೆ ದೂರವಲ್ಲ. ಅಳಿಯಂದಿರಿಗೆ ಹೇಳಿ, ಪುಟ್ಟನನ್ನು ಎತ್ತಿಕೊಂಡು ಹೋಗಿ ಗೀತಮ್ಮನನ್ನು ನೋಡಿ ಬಾ. ನಾನು ಕಳಿಸಿದೆ ಎನ್ನಬೇಡ. ನಿನ್ನನ್ನು ಕಂಡರೆ ಅವಳಿಗೆ ಮೊದಲಿನಿಂದ ಪ್ರಾಣ. ನಿನ್ನ ಮುಂದಾದರೂ ಅತ್ತುಕೊಂಡಾಳು. ಅವಳ ದೊಡ್ಡ ಮಗಳು ಹತ್ತನೇ ಕ್ಲಾಸು, ಪರೀಕ್ಷೆ ಹತ್ತಿರ ಬಂದಿದೆ, ಇಲ್ಲಿಗೆ ಬಂದು ಬರೆಯುವ ಏರ್ಪಾಡಾಗಿದೆಯೋ ಇಲ್ಲವೋ ವಿಚಾರಿಸು.

ವೀರೇಶನಿಗೆ ಈ ವಿಷಯವೆಲ್ಲ ಎಷ್ಟು ತಟ್ಟಿದೆಯೋ ತಿಳಿಯದು. ಮೊದಲಿನ ಹಾಗೆ ಮಾತಿಲ್ಲ. ಮೊನ್ನೆ ಮಿಲ್ಲಿನಲ್ಲಿ ಒಬ್ಬನೇ ನಿಂತು ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸುತ್ತಿದ್ದ. ಏನೂ ತಿಳಿಯಲಿಲ್ಲವೆಂದು ಕಾಣುತ್ತದೆ, ಪಂಚೆಗೆ ಒರೆಸಿಕೊಂಡು ಹೋದ. ನಿನ್ನ ಅಪ್ಪಾಜಿಗೆ ಶುಗರ್ ಏರಿದೆ. ಮಿಲ್ಲು ನಡೆಯುತ್ತಿದೆ. ಎಲ್ಲ ಉಳಿಯಿತು, ವಕೀಲರು ಹೇಳಿದ ಹಾಗೇ.

ದೇವರು ನಿನ್ನನ್ನೂ ಮಗುವನ್ನೂ ಕಾಯಲಿ. ನಿನ್ನ ಮನೆಯ ಒಳಿತಿಗೆ ಬೇರೆಯವರ ಮನೆಯಿಂದ ಏನನ್ನೂ ಎತ್ತಿಕೊಳ್ಳುವ ದಿನ ನಿನಗೆ ಬಾರದಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಇಲ್ಲ.

ನಿನ್ನ ಅವ್ವ,
ಶಿವಬಸಮ್ಮ

ಕೊನೆಗೊಂದು ಮಾತು. ಇದನ್ನು ಬರೆಯದೆ ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ.

ಮೇಲೆ ಎಲ್ಲ ತಪ್ಪನ್ನೂ ವಕೀಲರ ಮೇಲೆ, ನಿನ್ನ ಅಪ್ಪಾಜಿಯ ಮೇಲೆ ಹೊರಿಸಿದ್ದೇನೆ. ಜವಾಬ್ದಾರನ ಹೆಸರು ಬರೆದ ಆ ಕಾಗದ ಮೊದಲು ಮನೆಗೆ ಬಂದಾಗ ಅದರಲ್ಲಿದ್ದದ್ದು ವೀರೇಶನ ಹೆಸರು. ಅವನೇ ಕಚೇರಿ ನೋಡಿಕೊಳ್ಳುವವನು, ಅವನದೇ ಇರಲಿ, ಆಗಲಾದರೂ ಮೈಮೇಲೆ ಎಚ್ಚರವಿಟ್ಟು ಕೆಲಸ ಮಾಡುತ್ತಾನೆ ಎಂದು ನಿನ್ನ ಅಪ್ಪಾಜಿಯೇ ಬರೆಸಿದ್ದರು. ನಾನು ಬಿಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತವರ ಮುಂದೆ ನಿಂತು, ನನ್ನ ಮಗನ ಹೆಸರು ತೆಗೆಯುವ ತನಕ ಬಡಿಸುವುದಿಲ್ಲ ಎಂದೆ. "ಮತ್ತೆ ಯಾರ ಹೆಸರು ಹಾಕ್ಲಿ?" ಎಂದರು. ಒಂದು ಗಳಿಗೆಯೂ ಯೋಚಿಸದೆ, "ಮುದ್ದಪ್ಪ ಇದಾನಲ್ಲ," ಎಂದೆ. ವಕೀಲರ ಹತ್ತಿರ ಬೇರೆ ಫಾರಂ ಇರಲಿಲ್ಲ. ವೀರೇಶನ ಹೆಸರಿನ ಮೇಲೆ ತಿದ್ದುವ ಬಿಳಿ ಬಣ್ಣ ಬಳಿದು, ಒಣಗಿಸಿ, ಮುದ್ದಪ್ಪನ ಹೆಸರು ಬರೆದರು. ಅವನನ್ನು ಮ್ಯಾನೇಜರು ಎಂದು ಕರೆದು ಸಹಿ ಹಾಕಿಸಿಕೊಂಡವಳೂ ನಾನೇ.

ಜೈಲಿಗೆ ಹೋಗುವ ಬೆಳಿಗ್ಗೆ ಅವನು ಬಂದಿದ್ದ. ಮನೆಯಲ್ಲಿ ಯಾರೂ ಎದ್ದಿರಲಿಲ್ಲ.

"ಅಕ್ಕಾರೆ, ಆ ಕಾಗ್ದದಾಗೆ ಬಿಳಿ ಬಳಿದಿದ್ರಲ್ಲ, ಆವತ್ತೇ ಅದ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೆ," ಎಂದ. "ಹಿಂದ್ಲಿಂದ ವೀರೇಶಪ್ಪನ ಹೆಸ್ರು ಕಾಣ್ತಿತ್ತು. ಯಾಕೆ ತೆಗ್ದಾರೆ, ನನ್ನ ಯಾಕೆ ಮ್ಯಾನೇಜರ್ ಮಾಡ್ಯಾರೆ ಎಲ್ಲ ಗೊತ್ತಾತು. ಗೊತ್ತಾಗೇ ಸಹಿ ಹಾಕ್ದೆ."

ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಮುಂದುವರಿಸಿದ.

"ಆ ಕೂಸನ್ನ ನಾನೂ ಎತ್ತಿ ಆಡ್ಸೀನಿ. ನೀವು ಬಾಯ್ಬಿಟ್ಟು, ಮುದ್ದಪ್ಪ, ನನ್ ಮಗನ ಬದ್ಲು ನೀನು ನಿಂತ್ಕ ಅಂದಿದ್ರೆ ನಿಂತ್ಕಂತಿದ್ದೆ. ನೀವು ಕೇಳ್ಲಿಲ್ಲ. ಇವನಿಗೆ ತಿಳಿಯಂಗಿಲ್ಲ ಅನ್ಕಂಡ್ರಿ. ಅದೊಂದೇ ನನಗೆ ಬ್ಯಾಸ್ರ."

ಆಗಲಾದರೂ ಅವನ ಕೈ ಹಿಡಿದು ತಪ್ಪಾಯಿತು ಎನ್ನಬೇಕಿತ್ತು ಶೈಲಿ. "ಒಳಗೆ ಬಾ, ಕಾಫಿ ಕುಡಿದು ಹೋಗು," ಎಂದೆ.

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೋದ.